ಹಳೆಯ ಕಾರಿನ ಆಕ್ಸಿಜನ್ ಸೆನ್ಸರು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ಗಾಡಿಯ ರಿಪೇರಿಯ ಮಾತೇಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ನನ್ನಲ್ಲಿ ಎರಡು ಉತ್ತರಗಳುಂಟು. ಈಗ ನಮ್ಮಲ್ಲಿ ಅನೇಕರ ಮನೆಯ ಮುಂದೆ ಕಾರು ನಿಂತಿರುತ್ತದೆ. ಅದು ಬಹುಮಟ್ಟಿಗೆ ಎರಡನೆಯ ಅಥವಾ ಮೂರನೆಯ ಕೈಗೆ ಬಂದ ಹಳೆಯ ಕಾರು. ಅದಕ್ಕೆ ಆಗಾಗ ಬೀಳುವ ಖರ್ಚನ್ನು ತೂಗಿಸುವ ಕಷ್ಟವನ್ನು ಮನೆಮಂದಿಯೆಲ್ಲ ಬಲ್ಲರು. ಇದು ಮೊದಲನೆಯ ಉತ್ತರ. ಎರಡನೆಯದು, ಇಲ್ಲಿ ನಾನು ಹೇಳಹೊರಟಿರುವ ಉಪಕರಣವು ಹೆಬ್ಬೆರಳಿನಷ್ಟೇ ದೊಡ್ಡದಾದರೂ, ತರ್ಕಶಾಸ್ತ್ರದ ತರಗತಿಯಲ್ಲಿ ನಾವು ಓದುವ ಕಾರ್ಯಕಾರಣ ವಿಚಾರಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಅದು ಒಬ್ಬ ಸಾಕ್ಷಿಯಂತೆ. ಎಂಜಿನಿನಲ್ಲಿ ನಡೆದ ತಪ್ಪನ್ನು ಅದು ಹೇಳುತ್ತದೆ. ನಾವು ತಪ್ಪು ಮಾಡಿದವನನ್ನು ಬಿಟ್ಟು ಸಾಕ್ಷಿಯನ್ನೇ ಹಿಡಿದು ಹೊರಗೆ ಹಾಕುತ್ತೇವೆ. ಆದುದರಿಂದ ಆಕ್ಸಿಜನ್ ಸೆನ್ಸರನ್ನು ಬದಲಾಯಿಸುವುದು ಹೇಗೆ ಎಂಬುದಕ್ಕೆ ಮುಂಚೆ, ಅದನ್ನು ಬದಲಾಯಿಸಬೇಕೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗಿದೆ.

ಪೆಟ್ರೋಲು ಉರಿಯಬೇಕಾದರೆ ಗಾಳಿ ಬೇಕು. ಇದು ಯಾರಿಗೂ ತಿಳಿದ ಮಾತು. ಎಷ್ಟು ಗಾಳಿ ಬೇಕು ಎಂಬುದು ಮಾತ್ರ ಎಲ್ಲರಿಗೂ ತಿಳಿದಿರಲಾರದು. ಒಂದು ಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯುವುದಕ್ಕೆ ಸುಮಾರು 14.7 ಗ್ರಾಂ ಗಾಳಿ ಬೇಕಾಗುತ್ತದೆ. ಇದನ್ನೇ ಅಳತೆಗೆ ತಿರುಗಿಸಿ ನೋಡಿದರೆ, ಒಂದು ಲೀಟರು ಪೆಟ್ರೋಲನ್ನು ಸುಡಲು ಕಾರು ಹೆಚ್ಚುಕಡಿಮೆ 9 ಸಾವಿರ ಲೀಟರು ಗಾಳಿಯನ್ನು ಒಳಗೆ ಸೆಳೆದುಕೊಳ್ಳಬೇಕು. ನಾವು ಬಂಕಿನಲ್ಲಿ ದುಡ್ಡು ಕೊಡುವುದು ಪೆಟ್ರೋಲಿಗೆ ಮಾತ್ರ. ಗಾಳಿ ಪುಕ್ಕಟೆ ಬರುವುದರಿಂದ ಅದರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಆದರೆ ಎಂಜಿನು ಇಡಲೇಬೇಕು. ಪೆಟ್ರೋಲು ಹೆಚ್ಚಾದ ಮಿಶ್ರಣವನ್ನು ಮೆಕಾನಿಕ್ಕುಗಳು 'ರಿಚ್' ಎಂದೂ ಗಾಳಿ ಹೆಚ್ಚಾದುದನ್ನು 'ಲೀನ್' ಎಂದೂ ಕರೆಯುತ್ತಾರೆ. ರಿಚ್ ಆದರೆ ಅರೆಬೆಂದ ಪೆಟ್ರೋಲೂ ಇಂಗಾಲದ ಮಾನಾಕ್ಸೈಡೂ ಸೈಲೆನ್ಸರಿನಿಂದ ಹೊರಕ್ಕೆ ಹೋಗುತ್ತವೆ. ಲೀನ್ ಆದರೆ ಎಂಜಿನು ಎಳೆಯುವುದಿಲ್ಲ, ಮಿಸ್ ಹೊಡೆಯುತ್ತದೆ.

ಈ ಲೆಕ್ಕವು ಇಷ್ಟು ಬಿಗಿಯಾಗಿ ಏಕಿರಬೇಕು ಎಂದರೆ, ಅದಕ್ಕೆ ಕಾರಣ ಹೊಗೆಯ ಕೊಳವೆಯಲ್ಲಿ ಕುಳಿತಿರುವ ಕ್ಯಾಟಲಿಟಿಕ್ ಕನ್ವರ್ಟರು. ಜೇನುಗೂಡಿನಂಥ ಕಂಡಿಗಳುಳ್ಳ ಈ ಪೆಟ್ಟಿಗೆಯಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳುವಾದ ಲೇಪವಿರುತ್ತದೆ. ಮಾನಾಕ್ಸೈಡು, ಉರಿಯದೆ ಉಳಿದ ಪೆಟ್ರೋಲಿನ ಆವಿ, ಸಾರಜನಕದ ಆಕ್ಸೈಡುಗಳು, ಈ ಮೂರು ವಿಷಗಳನ್ನೂ ಅದು ಏಕಕಾಲಕ್ಕೆ ಕಳೆಯಬಲ್ಲುದು. ಆದರೆ ಅದಕ್ಕೆ ಒಂದು ಷರತ್ತುಂಟು. ಮೊದಲಿನ ಎರಡಕ್ಕೆ ಆಮ್ಲಜನಕವನ್ನು ಕೂಡಿಸಬೇಕು. ಮೂರನೆಯದರಿಂದ ಆಮ್ಲಜನಕವನ್ನು ಕೀಳಬೇಕು. ಒಂದೇ ಮನೆಯಲ್ಲಿ ಕೊಡುವುದೂ ಕಸಿದುಕೊಳ್ಳುವುದೂ ಒಟ್ಟಿಗೆ ನಡೆಯಬೇಕಾದರೆ ಮಿಶ್ರಣವು 14.7ರ ಆಸುಪಾಸಿನ ಕಿರಿದಾದ ಗೆರೆಯ ಮೇಲೆಯೇ ಇರಬೇಕು. ಕಾರ್ಬುರೇಟರಿನಿಂದ ಅಷ್ಟು ನಿಖರತೆ ಸಾಧ್ಯವಿರಲಿಲ್ಲ. ಸುಟ್ಟ ಹೊಗೆಯನ್ನು ಪರೀಕ್ಷಿಸಿ, 'ಈಗ ಹೆಚ್ಚಾಯಿತು, ಈಗ ಕಡಮೆಯಾಯಿತು' ಎಂದು ಹಿಂದಕ್ಕೆ ಸುದ್ದಿ ಕೊಡುವ ಒಂದು ಮೂಗು ಬೇಕಾಯಿತು.

ಈ ಮೂಗು ಮೊದಲು ಬಂದದ್ದು 1976ರಲ್ಲಿ, ಸ್ವೀಡನಿನ ವೋಲ್ವೊ ಕಂಪೆನಿಯ 240ರ ಸಾಲಿನ ಕಾರುಗಳಲ್ಲಿ. ಸೆನ್ಸರನ್ನು ತಯಾರಿಸಿದವರು ಜರ್ಮನಿಯ ಬಾಷ್ ಕಂಪೆನಿಯವರು. ಆ ಕಾರುಗಳನ್ನು ಹೊಗೆಯ ಕಾನೂನು ಅತಿ ಕಠಿಣವಾಗಿದ್ದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆಂದೇ ಸಿದ್ಧಪಡಿಸಲಾಗಿತ್ತು. ಗಾಳಿ ಪೆಟ್ರೋಲುಗಳ ಪ್ರಮಾಣವನ್ನು ಸೂಚಿಸುವ ಗ್ರೀಕ್ ಅಕ್ಷರದಿಂದ ಇದಕ್ಕೆ ಲ್ಯಾಂಬ್ಡಾ ಸೆನ್ಸರು ಎಂಬ ಹೆಸರೂ ಬಂದಿದೆ. ನಮ್ಮ ದೇಶದಲ್ಲಿ 1995ರ ಏಪ್ರಿಲಿನಿಂದ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು ಈ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲು ಕಾರುಗಳಿಗೆ ಕನ್ವರ್ಟರು ಕಡ್ಡಾಯವಾಯಿತು. ಪೆಟ್ರೋಲಿಗೆ ಸೀಸ ಬೆರೆಸುವುದು 2000ದಲ್ಲಿ ದೇಶದಲ್ಲೆಲ್ಲ ನಿಂತಿತು. ಸೀಸವು ಕನ್ವರ್ಟರಿಗೂ ಸೆನ್ಸರಿಗೂ ಸಮನಾದ ವಿಷ. ಅದು ಹೋಗದೆ ಇವು ಬಾಳುವಂತಿರಲಿಲ್ಲ. ಕಾರ್ಬುರೇಟರಿನ ಹಳೆಯ ಅಂಬಾಸಡರಿನಲ್ಲಿಯೋ ಪ್ರೀಮಿಯರ್ ಪದ್ಮಿನಿಯಲ್ಲಿಯೋ ಈ ಸೆನ್ಸರನ್ನು ಹುಡುಕಹೋಗುವುದು ವ್ಯರ್ಥ. ಇಲ್ಲಿ ಹೇಳುತ್ತಿರುವುದು ಅವುಗಳ ನಂತರ ಬಂದು, ಈಗ ತಾವೂ ಹಳೆಯವಾಗಿರುವ, ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ ಕಾರುಗಳ ಮಾತು.

ಸೆನ್ಸರಿನ ಒಳಗೇನಿದೆ ಎಂಬುದು ಈ ಲೇಖನದಲ್ಲಿ ನನಗೆ ಅತ್ಯಂತ ಸಂತೋಷ ಕೊಡುವ ಭಾಗ. ಹೊರಗಿನಿಂದ ನೋಡಿದರೆ ಅದು ಸ್ಪಾರ್ಕ್ ಪ್ಲಗ್ಗಿನ ದಾಯಾದಿಯಂತೆ ಕಾಣುತ್ತದೆ. ಒಂದು ಕಡೆ ತಂತಿ, ಇನ್ನೊಂದು ಕಡೆ ತಿರುಪಿನ ಸುತ್ತುಗಳು, ತುದಿಯಲ್ಲಿ ಸೀಳುಗಳಿರುವ ಲೋಹದ ಟೊಪ್ಪಿ. ಟೊಪ್ಪಿಯೊಳಗೆ ಜಿರ್ಕೋನಿಯಂ ಆಕ್ಸೈಡಿನ ಪಿಂಗಾಣಿಯಿಂದ ಮಾಡಿದ, ತುದಿ ಮುಚ್ಚಿದ ಸಣ್ಣ ಬೆರಳೊಂದು ಇರುತ್ತದೆ. (ಈ ಜಿರ್ಕೋನಿಯಂ ದೊರೆಯುವ ಜಿರ್ಕಾನ್ ಮರಳು ನಮ್ಮ ನೆರೆಯ ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ ಕಡಲತೀರಗಳಲ್ಲಿ ಉಂಟು.) ಬೆರಳಿನ ಹೊರಮೈಗೂ ಒಳಮೈಗೂ ಪ್ಲಾಟಿನಮ್ಮಿನ ತೆಳುವಾದ ಲೇಪವಿರುತ್ತದೆ. ಹೊರಮೈಗೆ ತಗಲುವುದು ಎಂಜಿನಿನ ಹೊಗೆ; ಒಳಮೈಗೆ ತಗಲುವುದು ನಾವು ಉಸಿರಾಡುವ ಶುದ್ಧವಾದ ಗಾಳಿ. ಪಿಂಗಾಣಿಯು ಚೆನ್ನಾಗಿ ಕಾದಾಗ ಆಮ್ಲಜನಕದ ಅಯಾನುಗಳು ಅದರ ಮೂಲಕ ಹಾಯಬಲ್ಲವು. ಎರಡು ಕಡೆಗಳಲ್ಲಿಯೂ ಆಮ್ಲಜನಕದ ಮಟ್ಟ ಒಂದೇ ಆಗಿದ್ದರೆ ಏನೂ ನಡೆಯುವುದಿಲ್ಲ. ಮಟ್ಟಗಳಲ್ಲಿ ಭೇದವಿದ್ದರೆ, ಎತ್ತರದ ಕೆರೆಯಿಂದ ತಗ್ಗಿನ ಗದ್ದೆಗೆ ನೀರು ನುಗ್ಗುವಂತೆ, ಹೆಚ್ಚಿರುವ ಕಡೆಯಿಂದ ಕಡಮೆಯಿರುವ ಕಡೆಗೆ ಅಯಾನುಗಳು ಒತ್ತುತ್ತವೆ. ಆ ಒತ್ತಡವೇ ವಿದ್ಯುತ್ತಿನ ರೂಪದಲ್ಲಿ ತಂತಿಗೆ ಬರುತ್ತದೆ. ಅಂದರೆ ಸೆನ್ಸರು ಒಂದು ಪುಟ್ಟ ಬ್ಯಾಟರಿ.

ಇಂಥ ಕೋಶದ ಗಣಿತವನ್ನು ಜರ್ಮನಿಯ ವಾಲ್ಟರ್ ನರ್ನ್‌ಸ್ಟ್ 1889ರಲ್ಲಿಯೇ ಬರೆದಿಟ್ಟಿದ್ದನು. ರಸಾಯನಶಾಸ್ತ್ರಕ್ಕೆ 1920ನೆಯ ವರ್ಷದ ನೊಬೆಲ್ ಬಹುಮಾನವನ್ನು ಪಡೆದವನು ಆತನೇ. ಆತನು 1897ರಲ್ಲಿ ಜಿರ್ಕೋನಿಯಂ ಆಕ್ಸೈಡಿನ ಕಡ್ಡಿಯನ್ನು ಉಪಯೋಗಿಸಿ ಒಂದು ವಿದ್ಯುದ್ದೀಪವನ್ನೂ ಮಾಡಿದ್ದನು. ಆ ದೀಪಕ್ಕೆ ಒಂದು ವಿಚಿತ್ರ ಗುಣವಿತ್ತು: ತಣ್ಣಗಿರುವಾಗ ಅದು ವಿದ್ಯುತ್ತನ್ನು ಹರಿಯಗೊಡುತ್ತಿರಲಿಲ್ಲ, ಮೊದಲು ಕಡ್ಡಿಯನ್ನು ಬೇರೆ ರೀತಿಯಿಂದ ಕಾಯಿಸಿದ ಮೇಲೆಯೇ ಹೊತ್ತಿಕೊಳ್ಳುತ್ತಿತ್ತು. ನಮ್ಮ ಸೆನ್ಸರಿನ ಗುಣವೂ ಅದೇ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯದ ಹೊರತು ಅದು ಬಾಯಿ ಬಿಡುವುದಿಲ್ಲ. ಮೊದಲಿನ ಸೆನ್ಸರುಗಳು ಹೊಗೆಯ ಕಾವಿನಿಂದಲೇ ಕಾಯಬೇಕಾಗಿತ್ತು; ಅವಕ್ಕೆ ಇದ್ದದ್ದು ಒಂದೇ ತಂತಿ. ಆಮೇಲೆ, 1980ರ ದಶಕದಲ್ಲಿ, ಒಳಗೊಂದು ಸಣ್ಣ ಹೀಟರನ್ನು ಇಟ್ಟರು. ತಂತಿಗಳು ಮೂರು, ನಾಲ್ಕು ಆದವು. ನರ್ನ್‌ಸ್ಟ್‌ನಿಗೆ ಮೋಟಾರು ಗಾಡಿಯ ಹುಚ್ಚೂ ಇತ್ತೆಂಬುದು ಪ್ರಸಿದ್ಧ. ತನ್ನ ದೀಪದ ಪಿಂಗಾಣಿಯು ಎಂಟು ದಶಕಗಳ ತರುವಾಯ ಮೋಟಾರಿನ ಹೊಗೆಯ ಕೊಳವೆಯೊಳಗೆ ಹೋಗಿ ಕೂರುವುದೆಂದು ಆತನು ಕನಸಿನಲ್ಲಿಯೂ ಎಣಿಸಿರಲಾರನು.

ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಗಣಿತವೆಂದರೆ ಅಂಜುವವರು ಈ ಒಂದು ಕಂಡಿಕೆಯನ್ನು ದಾಟಿ ಮುಂದೆ ಹೋಗಬಹುದು. ಸೆನ್ಸರಿನ ಕಾವು 727 ಡಿಗ್ರಿ ಸೆಲ್ಸಿಯಸ್, ಅಂದರೆ 1000 ಕೆಲ್ವಿನ್ ಎಂದು ಇಟ್ಟುಕೊಳ್ಳಿ. ಆಗ ಎರಡು ಕಡೆಯ ಆಮ್ಲಜನಕದ ಪ್ರಮಾಣಗಳನ್ನು ಒಂದರಿಂದೊಂದು ಭಾಗಿಸಿ, ಅದರ ಸ್ವಾಭಾವಿಕ ಲಾಗರಿತಮನ್ನು 0.0215ರಿಂದ ಗುಣಿಸಿದರೆ ವೋಲ್ಟು ದೊರೆಯುತ್ತದೆ. ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ 21. ಮಿಶ್ರಣವು ಲೀನ್ ಆಗಿ ಹೊಗೆಯಲ್ಲಿ ನೂರಕ್ಕೆ 2ರಷ್ಟು ಆಮ್ಲಜನಕ ಉಳಿದಿದ್ದರೆ, ಲೆಕ್ಕವು ಸುಮಾರು 0.05 ವೋಲ್ಟಿಗೆ ಬರುತ್ತದೆ. ಮಿಶ್ರಣವು ರಿಚ್ ಆದಾಗಲೋ, ಅಳಿದುಳಿದ ಆಮ್ಲಜನಕವನ್ನು ಪ್ಲಾಟಿನಮ್ಮಿನ ಲೇಪವೇ ಮಾನಾಕ್ಸೈಡಿನೊಡನೆ ಕೂಡಿಸಿ ಮುಗಿಸಿಬಿಡುತ್ತದೆ. ಪಿಂಗಾಣಿಯ ಹೊರಮೈಯಲ್ಲಿ ಆಮ್ಲಜನಕವು ಹೆಸರಿಗೆ ಮಾತ್ರ ಉಳಿಯುತ್ತದೆ. 0.9 ವೋಲ್ಟು ಬಂದಿತೆಂದರೆ, ಒಳಗಿನ ಆಮ್ಲಜನಕವು ಹೊರಗಿನದಕ್ಕಿಂತ ಒಂದರ ಮುಂದೆ ಹದಿನೆಂಟು ಸೊನ್ನೆಗಳಷ್ಟು ಪಾಲು ಹೆಚ್ಚು ಎಂದರ್ಥ! ಇದರಿಂದಲೇ ಸೆನ್ಸರಿನ ಮಾತು ಮೆಲ್ಲಗೆ ಏರಿಳಿಯುವುದಿಲ್ಲ. 14.7ರ ಗೆರೆಯ ಈಚೆಗೆ 0.1, ಆಚೆಗೆ 0.9, ನಡುವೆ ಒಂದು ಹಾರುಜಿಗಿತ. ಅದು ಎಷ್ಟು ಎಂದು ಹೇಳುವುದಿಲ್ಲ, ಹೌದು ಅಥವಾ ಅಲ್ಲ ಎಂದಷ್ಟೇ ಹೇಳುತ್ತದೆ. ಅದು ರಿಚ್ ಎಂದರೆ ಕಂಪ್ಯೂಟರು ಪೆಟ್ರೋಲನ್ನು ತಗ್ಗಿಸುತ್ತದೆ, ಲೀನ್ ಎಂದರೆ ಏರಿಸುತ್ತದೆ. ಹೀಗೆ ಸರಿಯಾಗಿರುವ ಕಾರಿನಲ್ಲಿ ಸೆನ್ಸರಿನ ವೋಲ್ಟು ಎಡೆಬಿಡದೆ ಮೇಲಕ್ಕೂ ಕೆಳಕ್ಕೂ ಆಡುತ್ತಲೇ ಇರುತ್ತದೆ. ತೂಗುವ ತಕ್ಕಡಿಯ ಮುಳ್ಳು ಅಲುಗಾಡುವುದು ರೋಗದ ಲಕ್ಷಣವಲ್ಲ. ಅಲುಗಾಡದೆ ನಿಂತರೆ ರೋಗ.

ಈಗ ಮುಖ್ಯವಾದ ಮಾತಿಗೆ ಬರೋಣ. ಕಾರಿನ ಮುಂಭಾಗದ ಫಲಕದಲ್ಲಿ ಎಂಜಿನಿನ ಚಿತ್ರವಿರುವ ಹಳದಿ ದೀಪ ಹತ್ತಿಕೊಳ್ಳುತ್ತದೆ. ಮೈಲೇಜು ಬೀಳುತ್ತದೆ. ಹೊಗೆಯ ಪರೀಕ್ಷೆಯಲ್ಲಿ ಮಾನಾಕ್ಸೈಡು ನೂರಕ್ಕೆ 0.5ರ ಮಿತಿಯನ್ನು ಮೀರುತ್ತದೆ. ಗ್ಯಾರೇಜಿನಲ್ಲಿ ಯಂತ್ರವನ್ನು ಜೋಡಿಸಿ ನೋಡಿದರೆ ಒಂದು ಕೋಡು ಬರುತ್ತದೆ. ಕೋಡಿನಲ್ಲಿ ಆಕ್ಸಿಜನ್ ಸೆನ್ಸರಿನ ಹೆಸರೋ, ಲೀನ್ ಎಂಬ ಮಾತೋ ಇದ್ದರೆ ಸಾಕು, 'ಸೆನ್ಸರ್ ಹೋಗಿದೆ, ಹಾಕಿಸಿಬಿಡಿ' ಎಂಬ ತೀರ್ಪು ಹೊರಬೀಳುತ್ತದೆ. ಇಲ್ಲಿಯೇ ತರ್ಕದೋಷವಿರುವುದು. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾಗಿ ಆಮೇಲೆ ಇತರ ದೇಶಗಳಿಗೂ ಹರಡಿದ ಕೋಡುಗಳ ಪದ್ಧತಿಯಲ್ಲಿ ಪಿ0135 ಎಂದರೆ ಸೆನ್ಸರಿನ ಹೀಟರಿನ ಮಾರ್ಗದಲ್ಲಿ ದೋಷವಿದೆ ಎಂದು. ಇದು ಸೆನ್ಸರಿನ ಮೇಲೆಯೋ ಅದರ ತಂತಿ, ಫ್ಯೂಸುಗಳ ಮೇಲೆಯೋ ಬರುವ ನೇರವಾದ ದೂರು. ಆದರೆ ಪಿ0171 ಎಂದರೆ ಮಿಶ್ರಣವು ಲೀನ್ ಆಗಿದೆ ಎಂದಷ್ಟೇ ಅರ್ಥ. ಅದು ಸೆನ್ಸರು ಕೊಟ್ಟ ಸಾಕ್ಷ್ಯ, ಸೆನ್ಸರಿನ ಮೇಲಿನ ಆರೋಪವಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದು ಸೆನ್ಸರನ್ನು ಕಿತ್ತವರು ಎಷ್ಟೋ ಮಂದಿ.

ನಮ್ಮ ಬೀದಿಯ ಹಿರಿಯರೊಬ್ಬರ ಹಳೆಯ ಕಾರಿಗೆ ಹೀಗೆಯೇ ಆಯಿತು. ಒಂದು ಗ್ಯಾರೇಜಿನವರು ಸೆನ್ಸರು ಹಾಕಿದರು. ವಾರ ಕಳೆಯುವುದರೊಳಗೆ ದೀಪ ಮತ್ತೆ ಹತ್ತಿತು. ಹಾಕಿದ್ದು ಕಳಪೆ ಮಾಲು ಎಂದು ಇನ್ನೊಂದು ಹಾಕಿದರು, ಮತ್ತೆ ಹತ್ತಿತು. ನಿವೃತ್ತರ ಪಿಂಚಣಿಯಲ್ಲಿ ಎರಡು ಸೆನ್ಸರು ಸಣ್ಣ ಮಾತಲ್ಲ. ಕೊನೆಗೆ ಬೇರೊಂದು ಕಡೆಯ ಹುಡುಗನೊಬ್ಬನು ಬೆಳಗಿನ ಹೊತ್ತು, ಎಂಜಿನು ಇನ್ನೂ ತಣ್ಣಗಿರುವಾಗಲೇ ಚಾಲೂ ಮಾಡಿಸಿ, ಬಾನೆಟ್ಟಿನ ಕೆಳಗೆ ಕಿವಿಯಿಟ್ಟು ಕೇಳಿದನು. 'ಸಾರ್, ಸೆನ್ಸರ್ ಸುಳ್ಳು ಹೇಳ್ತಾ ಇಲ್ಲ. ಇಲ್ಲಿ ಟಿಕ್ ಟಿಕ್ ಅಂತಿದೆಯಲ್ಲ, ಗಾಳಿ ಎಳೀತಾ ಇದೆ' ಎಂದನು. ಹೊಗೆಯು ಎಂಜಿನಿನಿಂದ ಹೊರಬೀಳುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟು ಸುಟ್ಟುಹೋಗಿತ್ತು. ಹೊಗೆಯು ಒಂದೇ ಸಮನೆ ಹರಿಯುವುದಿಲ್ಲ. ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತಗಳ ನಡುವೆ ಕೊಳವೆಯೊಳಗಿನ ಒತ್ತಡವು ಹೊರಗಿನದಕ್ಕಿಂತ ಕೆಳಗಿಳಿದಾಗ ಸಂದಿಯಿಂದ ಹೊರಗಾಳಿಯು ಒಳಕ್ಕೆ ನುಗ್ಗುತ್ತದೆ. ಸೆನ್ಸರು ಆ ಗಾಳಿಯ ಆಮ್ಲಜನಕವನ್ನು ಕಂಡು, ಇದ್ದುದನ್ನು ಇದ್ದ ಹಾಗೆ ಹೇಳಿತು. ಕಂಪ್ಯೂಟರು ಅದನ್ನು ನಂಬಿ ಬೇಡದ ಪೆಟ್ರೋಲನ್ನು ಸುರಿಯಿತು.

ಇದಕ್ಕಿಂತ ಸ್ವಾರಸ್ಯವಾದ ಪ್ರಸಂಗವೊಂದುಂಟು. ಒಂದು ಸಿಲಿಂಡರಿನ ಪ್ಲಗ್ಗು ಕೆಟ್ಟು ಕಿಡಿ ಹಾರದಿದ್ದರೆ, ಅಲ್ಲಿಗೆ ಬಂದ ಪೆಟ್ರೋಲು ಉರಿಯದೆ ಹಾಗೆಯೇ ಹೊರಗೆ ಹೋಗುತ್ತದೆ. ಹಾಗಾದರೆ ಸೆನ್ಸರು ರಿಚ್ ಎನ್ನಬೇಕಲ್ಲವೆ? ಇಲ್ಲ, ಲೀನ್ ಎನ್ನುತ್ತದೆ! ಪೆಟ್ರೋಲಿನ ಜೊತೆಯಲ್ಲಿ ಬಂದಿದ್ದ ಗಾಳಿಯೂ ಉರಿಯದೆ ಹೊರಬಂದಿದೆ. ಸೆನ್ಸರಿಗೆ ವಾಸನೆ ಹತ್ತುವುದು ಆಮ್ಲಜನಕಕ್ಕೆ ಮಾತ್ರ, ಪೆಟ್ರೋಲಿಗಲ್ಲ. ಕಂಪ್ಯೂಟರು ಉಳಿದ ಸಿಲಿಂಡರುಗಳಿಗೂ ಪೆಟ್ರೋಲನ್ನು ಏರಿಸುತ್ತದೆ. ಉರಿಯದ ಪೆಟ್ರೋಲು ಕನ್ವರ್ಟರಿನೊಳಗೆ ಹೋಗಿ ಉರಿದು ಅದರ ಜೇನುಗೂಡನ್ನೇ ಕರಗಿಸುತ್ತದೆ. ಒಂದು ಪ್ಲಗ್ಗಿನ ಬೆಲೆಯಲ್ಲಿ ಮುಗಿಯಬೇಕಾಗಿದ್ದ ಕೆಲಸವು ಹೀಗೆ ಗಾಡಿಯ ಅತಿ ದುಬಾರಿಯಾದ ಭಾಗಗಳಲ್ಲೊಂದನ್ನು ನುಂಗಿಬಿಡುತ್ತದೆ.

ಹಾಗೆಂದ ಮಾತ್ರಕ್ಕೆ ಸೆನ್ಸರುಗಳು ಎಂದೂ ಸಾಯುವುದಿಲ್ಲವೆಂದು ಅರ್ಥವಲ್ಲ. ಹೀಟರಿಲ್ಲದ ಹಳೆಯ ಒಂಟಿತಂತಿಯ ಸೆನ್ಸರಿಗೆ 50 ಸಾವಿರದಿಂದ 80 ಸಾವಿರ ಕಿಲೋಮೀಟರು, ಹೀಟರಿರುವ ಮೊದಲ ಕಾಲದವುಗಳಿಗೆ ಸುಮಾರು 1 ಲಕ್ಷ, ಆಮೇಲಿನವುಗಳಿಗೆ 1 ಲಕ್ಷದ 60 ಸಾವಿರ ಕಿಲೋಮೀಟರು ಆಯುಸ್ಸೆಂದು ಸಾಮಾನ್ಯವಾಗಿ ಹೇಳುವುದುಂಟು. ಸಾಯುವುದಕ್ಕಿಂತ ಮುಂಚೆ ಅವಕ್ಕೆ ಮುಪ್ಪು ಬರುತ್ತದೆ. ಮುದಿಯಾದ ಸೆನ್ಸರು ಸುಳ್ಳು ಹೇಳುವುದಿಲ್ಲ, ತಡವಾಗಿ ಹೇಳುತ್ತದೆ. ರಿಚ್ ಆದದ್ದನ್ನು ಅದು ತಿಳಿಸುವ ಹೊತ್ತಿಗೆ ಎಂಜಿನು ಇನ್ನೆಷ್ಟೋ ಸುತ್ತು ತಿರುಗಿರುತ್ತದೆ. ದೀಪವೂ ಹತ್ತದೆ, ಕೋಡೂ ಬಾರದೆ, ಮೈಲೇಜು ಮಾತ್ರ ತಿಂಗಳಿಂದ ತಿಂಗಳಿಗೆ ಇಳಿಯುವ ಕಾರುಗಳಲ್ಲಿ ಇದನ್ನು ಶಂಕಿಸಬಹುದು. ಕೆಟ್ಟ ಆಕ್ಸಿಜನ್ ಸೆನ್ಸರಿನಂಥ ದೊಡ್ಡ ದೋಷವನ್ನು ಸರಿಪಡಿಸಿದರೆ ಮೈಲೇಜು ನೂರಕ್ಕೆ 40ರವರೆಗೂ ಸುಧಾರಿಸಬಹುದೆಂದು ಅಮೆರಿಕದ ಸರ್ಕಾರವೇ ತನ್ನ ವಾಹನ ಮಾಲಿಕರಿಗೆ ತಿಳಿಸಿದೆ. ಅಷ್ಟು ಎಲ್ಲರಿಗೂ ದೊರೆಯದು. ಆದರೂ ಅಲಕ್ಷಿಸತಕ್ಕ ಮಾತಲ್ಲ.

ಆದುದರಿಂದ ಸಾಕ್ಷಿಯನ್ನು ಮೊದಲು ವಿಚಾರಿಸಬೇಕು. ಇದಕ್ಕೆ ಒಂದು ಡಿಜಿಟಲ್ ಮಲ್ಟಿಮೀಟರು ಸಾಕು. ಹಳೆಯ ಮುಳ್ಳಿನ ಮೀಟರು ಬೇಡ. ಅದು ಈ ಪುಟ್ಟ ಬ್ಯಾಟರಿಯಿಂದ ಹೆಚ್ಚು ವಿದ್ಯುತ್ತನ್ನು ಹೀರಿ ತಪ್ಪು ಲೆಕ್ಕ ಕೊಡುತ್ತದೆ. ಒಂದೇ ಬಣ್ಣದ ಎರಡು ತಂತಿಗಳಿದ್ದರೆ ಅವು ಸಾಮಾನ್ಯವಾಗಿ ಹೀಟರಿನವು. ಕನೆಕ್ಟರನ್ನು ಬಿಚ್ಚಿ, ಸೆನ್ಸರಿನ ಕಡೆಯಿಂದ ಅವುಗಳ ನಡುವೆ ಓಮ್ ಅಳೆಯಬೇಕು. ತಣ್ಣಗಿರುವಾಗ 2ರಿಂದ 15 ಓಮಿನೊಳಗೆ ಏನಾದರೂ ಬಂದರೆ ಹೀಟರಿನ ತಂತಿ ತುಂಡಾಗಿಲ್ಲವೆಂದು ತಿಳಿಯಬಹುದು. ಓಮಿನ ಅಳತೆಯನ್ನು ಸಂಕೇತ ಬರುವ ತಂತಿಗೆ ಮಾತ್ರ ಎಂದೂ ಹಚ್ಚಕೂಡದು. ಮೀಟರು ಕಳುಹಿಸುವ ವಿದ್ಯುತ್ತು ಸೆನ್ಸರನ್ನೇ ಕೆಡಿಸಬಹುದು. ಸಂಕೇತದ ತಂತಿಯನ್ನು ನೋಡಬೇಕಾದರೆ ಕನೆಕ್ಟರನ್ನು ಪುನಃ ಜೋಡಿಸಿ, ಎಂಜಿನನ್ನು ಚೆನ್ನಾಗಿ ಕಾಯಿಸಿ, ನಿಮಿಷಕ್ಕೆ ಎರಡೂವರೆ ಸಾವಿರ ಸುತ್ತುಗಳಲ್ಲಿ ಹಿಡಿದು, ಕನೆಕ್ಟರಿನ ಹಿಂಬದಿಯಿಂದ ಸಣ್ಣ ಗುಂಡುಪಿನ್ನಿನ ಮೂಲಕ ವೋಲ್ಟನ್ನು ಓದಬೇಕು. ಅದು 0.1ಕ್ಕೂ 0.9ಕ್ಕೂ ನಡುವೆ ಲವಲವಿಕೆಯಿಂದ ಆಡುತ್ತಿದ್ದರೆ ಸೆನ್ಸರು ಬದುಕಿದೆ.

ಕೆಳಗೇ ನಿಂತುಬಿಟ್ಟಿದ್ದರೆ? ಆಗಲೂ ತೀರ್ಪಿಗೆ ಅವಸರ ಬೇಡ. ಅದು ನಿಜವಾಗಿಯೂ ಲೀನ್ ಇರಬಹುದು. ಏರ್ ಫಿಲ್ಟರಿನ ಬಾಯಿಯಲ್ಲಿ, ಬಳಿಯಲ್ಲಿ ಬೆಂಕಿಯಿಲ್ಲದಂತೆ ನೋಡಿಕೊಂಡು, ಕಾರ್ಬುರೇಟರು ತೊಳೆಯುವ ಸ್ಪ್ರೇಯನ್ನು ಒಂದು ಕ್ಷಣ ಬಿಟ್ಟರೆ ಮಿಶ್ರಣವು ರಿಚ್ ಆಗುತ್ತದೆ. ವೋಲ್ಟು ತಟ್ಟನೆ ಮೇಲಕ್ಕೆ ನೆಗೆಯಬೇಕು. ಮೇಲೆಯೇ ನಿಂತಿದ್ದರೆ ಎಂಜಿನಿಗೆ ಹೋಗುವ ಸಣ್ಣದೊಂದು ವ್ಯಾಕ್ಯೂಂ ಕೊಳವೆಯನ್ನು ಬಿಚ್ಚಿ ಗಾಳಿ ಬಿಡಬೇಕು. ವೋಲ್ಟು ಕೆಳಕ್ಕೆ ಬೀಳಬೇಕು. ಕೇಳಿದಾಗಲೆಲ್ಲ ಹೀಗೆ ಸರಿಯಾದ ಉತ್ತರ ಕೊಡುವ ಸೆನ್ಸರನ್ನು ಮುಟ್ಟದೆ, ಗಾಳಿ ಸೋರುವ ಕೊಳವೆ, ಪ್ಲಗ್ಗು, ಗ್ಯಾಸ್ಕೆಟ್ಟು, ಸೋರುವ ಇಂಜೆಕ್ಟರುಗಳನ್ನು ಹುಡುಕಬೇಕು. ಏನು ಮಾಡಿದರೂ ಅಲುಗಾಡದೆ, ಅಥವಾ ತೂಕಡಿಸುತ್ತ ಮೆಲ್ಲಗೆ ಏಳುವ ಸೆನ್ಸರನ್ನು ಬದಲಾಯಿಸುವುದೇ ಸರಿ.

ಮೇಲೆ ಹೇಳಿದ ಪರೀಕ್ಷೆಗಳಿಗೆಲ್ಲ ಎಂಜಿನು ಓಡುತ್ತಿರಬೇಕು. ಮುಚ್ಚಿದ ಶೆಡ್ಡಿನಲ್ಲಿ ಅದನ್ನು ಓಡಿಸಲೇಕೂಡದು. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನಾವು ಪರೀಕ್ಷಿಸುತ್ತಿರುವುದೇ ಆಮ್ಲಜನಕವನ್ನು ಸರಿಯಾಗಿ ಅಳೆಯಲಾರದ ಗಾಡಿಯನ್ನು. ಅದರ ಹೊಗೆಯಲ್ಲಿ ಈ ವಿಷವು ಎಂದಿಗಿಂತ ಹೆಚ್ಚಿರುವ ಸಂಭವವುಂಟು. ಬಯಲಿನಲ್ಲಿ ನಿಲ್ಲಿಸಿಯೇ ಕೆಲಸ ಮಾಡಬೇಕು.

ಹೊಸ ಸೆನ್ಸರನ್ನು ಕೊಳ್ಳುವಾಗ ಗಾಡಿಯ ಮಾದರಿ, ವರ್ಷ, ತಂತಿಗಳ ಸಂಖ್ಯೆ ಇವನ್ನು ಹೊಂದಿಸಿಕೊಳ್ಳಬೇಕು. ಕೆಲವು ಕಾರುಗಳಲ್ಲಿ ಕನ್ವರ್ಟರಿನ ಮುಂದೊಂದು ಹಿಂದೊಂದು ಹೀಗೆ ಎರಡಿರುತ್ತವೆ. ಮಿಶ್ರಣವನ್ನು ಆಳುವುದು ಮುಖ್ಯವಾಗಿ ಮುಂದಿನದು, ಹಿಂದಿನದು ಕನ್ವರ್ಟರಿನ ಮೇಲ್ವಿಚಾರಕ. ಟೈಟಾನಿಯಂ ಆಕ್ಸೈಡಿನ ಸೆನ್ಸರುಗಳೂ ಉಂಟು. ಅವು ವೋಲ್ಟನ್ನು ಹುಟ್ಟಿಸುವುದಿಲ್ಲ, ತಮ್ಮ ರೋಧವನ್ನು ಬದಲಿಸಿಕೊಳ್ಳುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಸಲ್ಲದು. ಗಾಡಿಗೆಂದೇ ತಯಾರಾದ, ಕನೆಕ್ಟರಿನ ಸಮೇತ ಬರುವ ಸೆನ್ಸರಿಗೆ ಸ್ವಲ್ಪ ದುಡ್ಡು ಹೆಚ್ಚು. ತಂತಿ ಕತ್ತರಿಸಿ ಜೋಡಿಸಿಕೊಳ್ಳಬೇಕಾದ ಸರ್ವಸಾಮಾನ್ಯ ಸೆನ್ಸರು ಅಗ್ಗ. ಕೈಯಲ್ಲಿ ಹಣವಿದ್ದರೆ ಮೊದಲನೆಯದೇ ಲೇಸೆಂದು ನನ್ನ ಅಭಿಪ್ರಾಯ. ಏಕೆಂದರೆ ತಂತಿಯ ವಿಷಯದಲ್ಲಿ ಬಹಳ ಮಂದಿಗೆ ತಿಳಿಯದ ಒಂದು ರಹಸ್ಯವಿದೆ. ಪಿಂಗಾಣಿಯ ಬೆರಳಿನೊಳಕ್ಕೆ ಶುದ್ಧವಾದ ಗಾಳಿ ಹೋಗಬೇಕೆಂದು ಹೇಳಿದೆನಷ್ಟೆ. ಅನೇಕ ಸೆನ್ಸರುಗಳಲ್ಲಿ ಆ ಗಾಳಿಯು ಹೋಗುವುದು ತಂತಿಯ ಎಳೆಗಳಿಗೂ ಅದರ ಹೊದಿಕೆಗೂ ನಡುವಣ ಸಂದಿಯಿಂದ! ಸೆನ್ಸರು ತನ್ನ ತಂತಿಯಿಂದಲೇ ಉಸಿರಾಡುತ್ತದೆ. ಆ ತಂತಿಗೆ ಬೆಸುಗೆ ಹಾಕಿದರೆ ಕರಗಿದ ಸೀಸವೂ ರಾಳವೂ ಸಂದಿಯನ್ನು ಮುಚ್ಚಿ ಅದರ ಉಸಿರು ಕಟ್ಟುತ್ತದೆ. ಕನೆಕ್ಟರಿಗೆ ಗ್ರೀಸು ತುಂಬಿದರೂ ಅಷ್ಟೇ. ಜೋಡಿಸಲೇಬೇಕಾದರೆ ಒತ್ತಿ ಹಿಡಿಯುವ ಕ್ರಿಂಪುಗಳನ್ನೇ ಹಾಕಬೇಕು.

ಹಳೆಯದನ್ನು ಬಿಚ್ಚುವುದೇ ಈ ಕೆಲಸದಲ್ಲಿ ಕಷ್ಟವಾದ ಹಂತ. ಹತ್ತಾರು ವರ್ಷ ಕಾದು ಆರಿ, ಮಳೆಯ ನೀರು ಕುಡಿದು, ಕಬ್ಬಿಣಕ್ಕೆ ಕಬ್ಬಿಣ ಒಂದಾಗಿ ಕುಳಿತಿರುತ್ತದೆ. ಹಿಂದಿನ ದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಬುಡಕ್ಕೆ ಬಿಟ್ಟಿರಬೇಕು. ಮರುದಿನ ಎಂಜಿನನ್ನು ಕೆಲವು ನಿಮಿಷ ಓಡಿಸಿ ನಿಲ್ಲಿಸಿದರೆ, ಕೊಳವೆಯು ಕಾವಿಗೆ ಕೊಂಚ ಹಿಗ್ಗಿ ಹಿಡಿತ ಸಡಿಲುತ್ತದೆ. ಕೈ ಸುಡುವಷ್ಟು ಕಾವು ಬೇಡ. ದಪ್ಪ ಕೈಚೀಲ ಹಾಕಿಕೊಂಡು ಮುಟ್ಟಬಲ್ಲಷ್ಟು ಸಾಕು. ಗಾಡಿಯ ಕೆಳಗೆ ಹೋಗಬೇಕಾದರೆ ಜಾಕಿಯೊಂದನ್ನೇ ನಂಬಿ ತಲೆ ಹಾಕಬಾರದು, ಗಟ್ಟಿಯಾದ ಸ್ಟ್ಯಾಂಡುಗಳನ್ನು ಕೊಟ್ಟಿರಬೇಕು. ಕೀ ತೆಗೆದು, ಕನೆಕ್ಟರನ್ನು ಬಿಚ್ಚಿ, 22 ಮಿಲಿಮೀಟರಿನ ರಿಂಗ್ ಸ್ಪ್ಯಾನರನ್ನಾಗಲಿ, ತಂತಿ ಹಾಯಲು ಪಕ್ಕದಲ್ಲಿ ಸೀಳಿರುವ ಸಾಕೆಟ್ಟನ್ನಾಗಲಿ ಕೊಡಬೇಕು. ಬಾಯಿ ತೆರೆದ ಸ್ಪ್ಯಾನರು ಮೂಲೆಗಳನ್ನು ಸವೆಸಿಬಿಡುತ್ತದೆ. ಬಿಡದಿದ್ದರೆ ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಎಣ್ಣೆ ಬಿಟ್ಟು, ಹೀಗೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ತರಬೇಕು. ಇಲ್ಲಿ ಬಲಕ್ಕಿಂತ ತಾಳ್ಮೆ ಹೆಚ್ಚು ಕೆಲಸ ಮಾಡುತ್ತದೆ. ಸುತ್ತುಗಳನ್ನು ಕಿತ್ತುಕೊಂಡು ಹೊರಬಂದರೆ ಮ್ಯಾನಿಫೋಲ್ಡಿಗೇ ಖರ್ಚು ಹತ್ತುತ್ತದೆ. ಬಹುತೇಕ ಸೆನ್ಸರುಗಳ ಸುತ್ತು 18 ಮಿಲಿಮೀಟರು ವ್ಯಾಸ, ಒಂದೂವರೆ ಮಿಲಿಮೀಟರು ಅಂತರದ್ದು. ಅದೇ ಅಳತೆಯ ಟ್ಯಾಪನ್ನು ಗ್ರೀಸು ಹಚ್ಚಿ ಒಮ್ಮೆ ಕೈಯಿಂದ ಹಾಯಿಸಿದರೆ ತೂತು ಶುಚಿಯಾಗುತ್ತದೆ.

ಹಾಕುವುದು ಸುಲಭ. ಹೊಸ ಸೆನ್ಸರಿನ ಸುತ್ತುಗಳಿಗೆ ಅಂಟಿಕೊಳ್ಳದಂತೆ ತಡೆಯುವ ಲೇಪವನ್ನು ಸಾಮಾನ್ಯವಾಗಿ ಕಾರ್ಖಾನೆಯಲ್ಲಿಯೇ ಬಳಿದಿರುತ್ತಾರೆ. ಇಲ್ಲದಿದ್ದರೆ ಅದಕ್ಕೆಂದೇ ಇರುವ ಲೇಪವನ್ನು ಸುತ್ತುಗಳಿಗೆ ಮಾತ್ರ ತೆಳುವಾಗಿ ಬಳಿಯಬೇಕು. ಸೀಳುಗಳಿರುವ ತುದಿಗೆ ಅದಾಗಲಿ, ಎಣ್ಣೆಯ ಕೈಯಾಗಲಿ ಸೋಕಬಾರದು. ನೆಲಕ್ಕೆ ಬಿದ್ದ ಸೆನ್ಸರನ್ನು ಹಾಕಕೂಡದು, ಒಳಗಿನ ಪಿಂಗಾಣಿ ಸೀಳಿದ್ದರೆ ಹೊರಗೆ ಕಾಣುವುದಿಲ್ಲ. ಮೊದಲು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರು. ಹೆಚ್ಚಿನ ಕಾರುಗಳಿಗೆ 40ರಿಂದ 50 ನ್ಯೂಟನ್ ಮೀಟರಿನಷ್ಟು ಬಿಗಿ ಸಾಕು. ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿಯಿದ್ದರೆ ಅದೇ ಪ್ರಮಾಣ. ತಂತಿಯು ಬಿಸಿಕೊಳವೆಗೆ ತಗಲದಂತೆಯೂ ಎಂಜಿನು ಅಲುಗಿದಾಗ ಜಗ್ಗದಂತೆಯೂ ಮೊದಲಿದ್ದ ಕ್ಲಿಪ್ಪುಗಳಲ್ಲಿಯೇ ಕೂರಿಸಬೇಕು. ಕೋಡನ್ನು ಅಳಿಸಿ ಹತ್ತಿಪ್ಪತ್ತು ಕಿಲೋಮೀಟರು ಓಡಿಸಿ, ಮಲ್ಟಿಮೀಟರಿನಲ್ಲಿ ಇನ್ನೊಮ್ಮೆ ನೋಡಿ, ಮುಳ್ಳು ಹಿಂದಿನಂತೆ ಆಡುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಬಿಚ್ಚಿದ ಹಳೆಯ ಸೆನ್ಸರನ್ನು ಕೂಡಲೆ ಗುಜರಿಗೆ ಹಾಕಬೇಡಿ. ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಕಪ್ಪಗೆ ಒಣಮಸಿ ಹಿಡಿದಿದ್ದರೆ ಎಂಜಿನು ಬಹುಕಾಲ ರಿಚ್ ಆಗಿಯೇ ಓಡಿದೆ. ಎಣ್ಣೆಯ ಕಂದು ಪದರವಿದ್ದರೆ ಪಿಸ್ಟನ್ನಿನ ರಿಂಗುಗಳೋ ವಾಲ್ವಿನ ಸೀಲುಗಳೋ ಸವೆದು ಎಂಜಿನು ಆಯಿಲು ಕುಡಿಯುತ್ತಿರಬೇಕು. ಬೂದಿಯಂಥ ಬಿಳಿಯ ಪುಡಿ ಕೂತಿದ್ದರೆ ಎರಡನ್ನು ಶಂಕಿಸತಕ್ಕದ್ದು. ಯಾರೋ ಗ್ಯಾಸ್ಕೆಟ್ಟಿಗೆ ಸೆನ್ಸರಿಗೆ ಹೊಂದದ ಸಿಲಿಕೋನಿನ ಅಂಟನ್ನು ಧಾರಾಳವಾಗಿ ಬಳಿದಿರಬಹುದು. ಇಲ್ಲವೆ ರೇಡಿಯೇಟರಿನ ಕೂಲೆಂಟು ಹೆಡ್ ಗ್ಯಾಸ್ಕೆಟ್ಟಿನ ಬಿರುಕಿನಿಂದ ಸಿಲಿಂಡರಿನೊಳಕ್ಕೆ ಇಳಿಯುತ್ತಿರಬಹುದು. ರೇಡಿಯೇಟರಿನಲ್ಲಿ ನೀರು ವಾರ ವಾರವೂ ಕಡಮೆಯಾಗುತ್ತಿದೆಯೇ ಎಂದು ಆ ದಿನದಿಂದಲೇ ಗುರುತು ಹಾಕಿ ನೋಡಬೇಕು. ಆಗುತ್ತಿದ್ದರೆ ಹೆಡ್ಡನ್ನು ಬಿಚ್ಚಿಸುವವರೆಗೆ ಹೊಸ ಸೆನ್ಸರು ಪೆಟ್ಟಿಗೆಯಲ್ಲಿಯೇ ಇರಲಿ.